ಶಬ್ದಾತೀತ ವಿಮಾನದ ಒಳಗಿನ ಶಬ್ದ

2020ರ ಮೇ 20ರಂದು ಮಧ್ಯಾಹ್ನ ಬೆಂಗಳೂರಿನ ಅನೇಕ ಬಡಾವಣೆಗಳಲ್ಲಿ ಇದ್ದಕ್ಕಿದ್ದಂತೆ ಭಾರೀ ಸದ್ದೊಂದು ಕೇಳಿಬಂದಿತು. ಕಿಟಕಿ ಬಾಗಿಲುಗಳು ಅದುರಿದವು. ಭೂಕಂಪವಿರಬಹುದೆಂದು ಹಲವರು ಭಾವಿಸಿದರು. ಆದರೆ ರಾಜ್ಯದ ನೈಸರ್ಗಿಕ ವಿಕೋಪ ಉಸ್ತುವಾರಿ ಕೇಂದ್ರದ ಮಾಪಕಗಳಲ್ಲಿ ಭೂಮಿ ನಡುಗಿದ ಯಾವ ಗುರುತೂ ಇರಲಿಲ್ಲ. ಅಂದು ಸಂಜೆ ರಕ್ಷಣಾ ಇಲಾಖೆಯಿಂದ ಸ್ಪಷ್ಟನೆ ಬಂದಿತು. ವಾಯುಪಡೆಯ ವಿಮಾನವೊಂದು ನಗರದ ಎಲ್ಲೆಯಿಂದ ಬಹುದೂರದಲ್ಲಿ, ತನಗೆ ನಿಗದಿಪಡಿಸಿದ್ದ ವಾಯುಪ್ರದೇಶದಲ್ಲಿ ಪರೀಕ್ಷಾ ಹಾರಾಟ ನಡೆಸಿತ್ತು. 36ರಿಂದ 40 ಸಾವಿರ ಅಡಿ ಎತ್ತರದಲ್ಲಿ ಅದು ಶಬ್ದಾತೀತ ವೇಗದಿಂದ ಕೆಳಗಿಳಿಯುತ್ತಿದ್ದಾಗ ಈ ಸದ್ದು ಉಂಟಾಗಿರಬಹುದು. ಇಂತಹ ಸದ್ದು 65ರಿಂದ 80 ಕಿಲೋಮೀಟರ್ ದೂರದವರೆಗೂ ಕೇಳಿಸಬಲ್ಲದು ಎಂಬುದು ಅದರ ಸಾರ.

ನಗರದ ಲಕ್ಷಾಂತರ ಜನರನ್ನು ಬೆಚ್ಚಿಬೀಳಿಸಿದ ಈ ಸದ್ದು ಒಬ್ಬರಿಗೆ ಮಾತ್ರ ಕೇಳಿಸಿರಲಾರದು. ಆ ವಿಮಾನವನ್ನು ನಡೆಸುತ್ತಿದ್ದವರಿಗೆ! ಇದು ವಿಚಿತ್ರವೆನಿಸಿದರೂ ನಿಜ. ಹಾಗೆಂದು ವಿಮಾನದ ಒಳಗೆ ಅವರು ನಿಶ್ಶಬ್ದದಲ್ಲಿ ಕುಳಿತಿದ್ದರೆಂದು ತಿಳಿಯುವುದೂ ತಪ್ಪು. ಶಬ್ದಕ್ಕಿಂತ ವೇಗವಾಗಿ ಹೋಗುವ ವಿಮಾನವು ತನ್ನ ಶಬ್ದವನ್ನೆಲ್ಲ ಹಿಂದೆ ಬಿಟ್ಟು ಹೋಗುತ್ತದೆ, ಆದುದರಿಂದ ಒಳಗಿದ್ದವರಿಗೆ ಎಂಜಿನ್ನಿನ ಸದ್ದು ತಟ್ಟುವುದಿಲ್ಲ ಎಂಬ ನಂಬಿಕೆ ವಿದ್ಯಾವಂತರಲ್ಲಿಯೂ ಇದೆ. ಇನ್ನೂ ಕೆಲವರು ಒಂದು ಹೆಜ್ಜೆ ಮುಂದೆ ಹೋಗಿ, ಹಿಂದಿನ ಆಸನದವರು ಆಡಿದ ಮಾತು ಮುಂದಿನ ಆಸನವನ್ನು ಮುಟ್ಟುವುದೇ ಇಲ್ಲವೇನೋ ಎಂದು ಸಂದೇಹಿಸುತ್ತಾರೆ. ಇವೆರಡೂ ಏಕೆ ಸರಿಯಲ್ಲವೆಂಬುದನ್ನು ಅರಿತರೆ ಶಬ್ದದ ಸ್ವಭಾವವೇ ಅರ್ಥವಾದಂತೆ.

ಮಾಧ್ಯಮವನ್ನು ಅವಲಂಬಿಸಿದ ಪ್ರಯಾಣಿಕ

ಶಬ್ದವೆಂಬುದು ಒಂದು ವಸ್ತುವಲ್ಲ. ಅದು ಒತ್ತಡದ ಅಲೆ. ಗಾಳಿಯ ಕಣಗಳು ಒಂದನ್ನೊಂದು ತಳ್ಳುತ್ತ, ಒತ್ತಡದ ಏರಿಳಿತವನ್ನು ಮುಂದಕ್ಕೆ ದಾಟಿಸುತ್ತವೆ. ಈ ದಾಟಿಸುವಿಕೆಯ ವೇಗವು ಮುಖ್ಯವಾಗಿ ಗಾಳಿಯ ಉಷ್ಣತೆಯನ್ನು ಅವಲಂಬಿಸಿದೆ. ಸಮುದ್ರಮಟ್ಟದಲ್ಲಿ, 15 ಡಿಗ್ರಿ ಸೆಲ್ಸಿಯಸ್ ಉಷ್ಣತೆಯಲ್ಲಿ ಅದು ಸೆಕೆಂಡಿಗೆ 340 ಮೀಟರ್, ಎಂದರೆ ಗಂಟೆಗೆ ಸುಮಾರು 1,225 ಕಿಲೋಮೀಟರ್. ಹನ್ನೊಂದು ಕಿಲೋಮೀಟರಿಗೂ ಮೇಲೆ ಉಷ್ಣತೆಯು ಶೂನ್ಯಕ್ಕಿಂತ 56 ಡಿಗ್ರಿಯಷ್ಟು ಕೆಳಗಿರುವುದರಿಂದ ಶಬ್ದವೂ ಅಲ್ಲಿ ಮಂದಗತಿಯದು: ಸೆಕೆಂಡಿಗೆ 295 ಮೀಟರ್. ವಿಮಾನದ ವೇಗವನ್ನು ಅದು ಹಾರುವ ಸ್ಥಳದ ಶಬ್ದದ ವೇಗದಿಂದ ಭಾಗಿಸಿದಾಗ ಬರುವ ಸಂಖ್ಯೆಗೆ ಆಸ್ಟ್ರಿಯದ ವಿಜ್ಞಾನಿ ಅರ್ನ್‌ಸ್ಟ್ ಮ್ಯಾಕ್ ಅವರ ಹೆಸರನ್ನಿಡಲಾಗಿದೆ. ಧಾವಿಸುವ ಗುಂಡಿನ ಮುಂದೆ ಗಾಳಿಯಲ್ಲಿ ಏಳುವ ಆಘಾತ ತರಂಗವನ್ನು 1880ರ ದಶಕದಲ್ಲಿಯೇ ಛಾಯಾಚಿತ್ರದಲ್ಲಿ ಸೆರೆಹಿಡಿದವರಲ್ಲಿ ಅವರೊಬ್ಬರು. ಮ್ಯಾಕ್ 1 ಎಂದರೆ ಶಬ್ದದಷ್ಟೇ ವೇಗ, ಮ್ಯಾಕ್ 2 ಎಂದರೆ ಅದರ ಎರಡರಷ್ಟು.

ಇಲ್ಲಿ ನೆನಪಿನಲ್ಲಿಡಬೇಕಾದ ಮಾತೊಂದಿದೆ. ಶಬ್ದದ ವೇಗವೆಂದು ನಾವು ಹೇಳುವುದು ಅದು ಸಾಗುವ ಮಾಧ್ಯಮಕ್ಕೆ ಹೋಲಿಸಿದ ವೇಗವೇ ಹೊರತು ನೆಲಕ್ಕೆ ಹೋಲಿಸಿದ್ದಲ್ಲ. ಮುಂಬಯಿಯಿಂದ ಬೆಂಗಳೂರಿಗೆ ಹೊರಟ ಉದ್ಯಾನ್ ಎಕ್ಸ್‌ಪ್ರೆಸ್ಸಿನ ಡಬ್ಬಿಯಲ್ಲಿ ಎದುರುಬದುರು ಕುಳಿತವರನ್ನು ಕಲ್ಪಿಸಿಕೊಳ್ಳಬಹುದು. ರೈಲು ಎಷ್ಟೇ ವೇಗವಾಗಿ ಓಡುತ್ತಿರಲಿ, ಹಾರಿಸಿದ ನಾಣ್ಯ ಹಿಂದಕ್ಕೆ ಹೋಗದೆ ಅಂಗೈಗೇ ಬೀಳುತ್ತದೆ. ಬಗ್ಗಿಸಿದ ಕಾಫಿ ಲೋಟಕ್ಕೇ ಇಳಿಯುತ್ತದೆ. ಡಬ್ಬಿಯ ಒಳಗಿನ ಗಾಳಿಯೂ ರೈಲಿನೊಡನೆಯೇ ಸಾಗುತ್ತಿರುವುದರಿಂದ ಮಾತೂ ಹಾಗೆಯೇ ತಲುಪುತ್ತದೆ.

ಮ್ಯಾಕ್ 2ರ ವಿಮಾನಕ್ಕೂ ಇದೇ ನ್ಯಾಯ. ಅದರ ಕೋಣೆ ಮುಚ್ಚಿದ ಕೊಳವೆ. ಅದರೊಳಗಿನ ಗಾಳಿಗೆ ಹೊರಗಿನ ವೇಗದ ಸುದ್ದಿಯೇ ಇಲ್ಲ. ಕೋಣೆಯ ಉಷ್ಣತೆ 20 ಡಿಗ್ರಿಯ ಆಸುಪಾಸಿನಲ್ಲಿದ್ದರೆ ಅಲ್ಲಿ ಶಬ್ದದ ವೇಗ ಸೆಕೆಂಡಿಗೆ 343 ಮೀಟರ್. ಹತ್ತು ಮೀಟರ್ ಹಿಂದಿರುವ ಪ್ರಯಾಣಿಕನು ಕರೆದರೆ ಆ ಕೂಗು ಮುಂದಿನವನನ್ನು ಸೇರಲು ಒಂದು ಸೆಕೆಂಡಿನ ನೂರರಲ್ಲಿ ಮೂರು ಭಾಗ ಸಾಕು. ಮುಂದಿನವನ ಉತ್ತರ ಹಿಂದಕ್ಕೆ ಬರಲೂ ಅಷ್ಟೇ ಸಮಯ. ನೆಲದ ಮೇಲೆ ನಿಂತು ಲೆಕ್ಕ ಹಾಕುವವನಿಗೆ ಮಾತ್ರ ಮೊದಲನೆಯ ಕೂಗು ಸೆಕೆಂಡಿಗೆ 930 ಮೀಟರಿಗೂ ಹೆಚ್ಚು ವೇಗದಲ್ಲಿ ಸಾಗಿದಂತೆ ತೋರುತ್ತದೆ. ಏಕೆಂದರೆ ವಿಮಾನದ 590 ಮೀಟರುಗಳೂ ಅವನ ಲೆಕ್ಕಕ್ಕೆ ಸೇರುತ್ತವೆ. ಎರಡು ಲೆಕ್ಕಗಳಲ್ಲಿ ಯಾವುದೂ ಸುಳ್ಳಲ್ಲ.

ಆಸ್ಫೋಟ ಒಳಗೇಕೆ ಕೇಳದು

ಶಬ್ದಕ್ಕಿಂತ ನಿಧಾನವಾಗಿ ಹಾರುವ ವಿಮಾನದ ಮುಂದೆ ಅದರದೇ ಒತ್ತಡದ ಅಲೆಗಳು ಓಡುತ್ತವೆ. ವಿಮಾನ ಬರುತ್ತಿದೆಯೆಂಬ ಸೂಚನೆ ಗಾಳಿಗೆ ಮೊದಲೇ ಸಿಗುತ್ತದೆ. ಗಾಳಿ ಸರಿದು ದಾರಿ ಬಿಡುತ್ತದೆ. ಮ್ಯಾಕ್ 1 ದಾಟಿದಾಗ ಈ ಸೂಚನೆಗೆ ಅವಕಾಶವಿಲ್ಲ. ಅಲೆಗಳು ಒಂದರ ಮೇಲೊಂದು ಪೇರಿಕೊಂಡು, ವಿಮಾನದ ಮೂತಿಯಿಂದ ಹಿಂದಕ್ಕೆ ಹರಡಿದ ಶಂಕುವಿನ ಆಕಾರದ ಆಘಾತ ತರಂಗವಾಗುತ್ತವೆ. ಬಾಲದಿಂದ ಇನ್ನೊಂದು ಶಂಕು ಹೊರಡುತ್ತದೆ. ನೆಲದ ಮೇಲಿನವರಿಗೆ ಅನೇಕ ಸಲ ಒಂದರ ಹಿಂದೊಂದು ಎರಡು ಸಿಡಿತಗಳು ಕೇಳುವುದು ಈ ಕಾರಣದಿಂದಲೇ.

ನದಿಯಲ್ಲಿ ವೇಗವಾಗಿ ಸಾಗುವ ದೋಣಿಯನ್ನು ಕಂಡವರಿಗೆ ಇದು ಹೊಸದೇನಲ್ಲ. ದೋಣಿಯ ಮೂತಿಯಿಂದ ಎರಡೂ ಕಡೆಗೆ ನೀರಿನ ಏಣು ಹೊರಟು ದಡದತ್ತ ಸಾಗುತ್ತದೆ. ದಡದಲ್ಲಿ ಬಟ್ಟೆ ಒಗೆಯುತ್ತಿರುವವರಿಗೆ, ದೋಣಿ ದಾಟಿಹೋದ ಎಷ್ಟೋ ಹೊತ್ತಿನ ಮೇಲೆ, ಅದು ಬಂದು ಅಪ್ಪಳಿಸುತ್ತದೆ. ದೋಣಿಯಲ್ಲಿ ಕುಳಿತವರಿಗೆ ಆ ಏಣು ಯಾವಾಗಲೂ ದೋಣಿಗೇ ಅಂಟಿಕೊಂಡಿರುವಂತೆ ಕಾಣುತ್ತದೆ. ಅದು ಅವರನ್ನು ಎಂದೂ ಅಪ್ಪಳಿಸುವುದಿಲ್ಲ. ಆಘಾತ ತರಂಗದ ವಿಷಯವೂ ಹಾಗೆಯೇ. ಕಿವಿಗೆ ಶಬ್ದವಾಗಿ ತೋರುವುದು ಒತ್ತಡದ ಬದಲಾವಣೆಯೇ ವಿನಾ ಒತ್ತಡವಲ್ಲ. ವಿಮಾನದೊಡನೆ ಸಾಗುವವನು ಸದಾ ಶಂಕುವಿನ ಒಳಭಾಗದಲ್ಲಿರುತ್ತಾನೆ. ಅವನ ಪಾಲಿಗೆ ಅಲ್ಲಿ ಏನೂ ಬದಲಾಗುತ್ತಿಲ್ಲ. ನೆಲದ ಮೇಲಿನವನನ್ನು ಮಾತ್ರ ಶಂಕುವಿನ ಅಂಚು ಒಮ್ಮೆ ಸವರಿಕೊಂಡು ಹೋಗುತ್ತದೆ. ಶಬ್ದದ ತಡೆಗೋಡೆಯನ್ನು ದಾಟುವ ಒಂದು ಕ್ಷಣದಲ್ಲಿ ಮಾತ್ರ ಆಸ್ಫೋಟವಾಗುತ್ತದೆಂಬುದು ಇನ್ನೊಂದು ತಪ್ಪು ತಿಳಿವಳಿಕೆ. ಶಬ್ದಾತೀತ ವೇಗದಲ್ಲಿರುವಷ್ಟು ಹೊತ್ತೂ ವಿಮಾನವು ತನ್ನ ದಾರಿಯ ಕೆಳಗಿನ ಊರುಗಳ ಮೇಲೆ ಈ ಸದ್ದನ್ನು ಕಂಬಳಿಯಂತೆ ಎಳೆದುಕೊಂಡು ಹೋಗುತ್ತದೆ.

1947ರ ಅಕ್ಟೋಬರ್ 14ರಂದು ಅಮೆರಿಕದ ಚಕ್ ಯೇಗರ್ ಬೆಲ್ ಎಕ್ಸ್-1 ವಿಮಾನದಲ್ಲಿ ಮ್ಯಾಕ್ 1.06ನ್ನು ಮುಟ್ಟಿದಾಗ ದೂರದ ಗುಡುಗಿನಂತಹ ಸದ್ದನ್ನು ಕೇಳಿದವರು ನೆಲದ ಮೇಲಿದ್ದವರು. ಯೇಗರ್ ಅವರಿಗೆ ತಿಳಿದದ್ದು ಮಾಪಕದ ಮುಳ್ಳು ಅಲುಗಾಡಿ ಅಂಕಿಯ ಆಚೆಗೆ ಹೋದದ್ದು, ಅದುವರೆಗಿನ ಕುಲುಕಾಟ ಕಡಿಮೆಯಾದದ್ದು, ಅಷ್ಟೇ. ಈಚಿನ ವಿಮಾನಗಳಲ್ಲಿಯೂ ಮ್ಯಾಕ್ 1 ದಾಟಿದ್ದನ್ನು ಚಾಲಕನಿಗೆ ತಿಳಿಸುವುದು ಉಪಕರಣಗಳೇ. ಒತ್ತಡವನ್ನಳೆಯುವ ರಂಧ್ರವನ್ನು ಆಘಾತ ತರಂಗವು ದಾಟುವಾಗ ಎತ್ತರ ತೋರಿಸುವ ಮಾಪಕವು ಒಮ್ಮೆ ಹಾರಿ ಮತ್ತೆ ನೆಲೆಗೊಳ್ಳುತ್ತದೆ.

ಕಾಂಕಾರ್ಡಿನ ಕೋಣೆಯಲ್ಲಿ

ಬ್ರಿಟನ್ ಮತ್ತು ಫ್ರಾನ್ಸ್ ಕೂಡಿ ನಿರ್ಮಿಸಿದ ಕಾಂಕಾರ್ಡ್ ವಿಮಾನವು 1976ರ ಜನವರಿ 21ರಿಂದ 2003ರ ಅಕ್ಟೋಬರ್ 24ರವರೆಗೆ ಪ್ರಯಾಣಿಕರನ್ನು ಮ್ಯಾಕ್ 2ರ ವೇಗದಲ್ಲಿ, ಗಂಟೆಗೆ ಸುಮಾರು 2,150 ಕಿಲೋಮೀಟರಿನಂತೆ ಕೊಂಡೊಯ್ದಿತು. ಶಬ್ದಾತೀತ ಕೋಣೆಯಲ್ಲಿ ಸಾಮಾನ್ಯ ಜನರು ಕುಳಿತು, ಊಟ ಮಾಡಿ, ಮಾತನಾಡಿಕೊಂಡು ಪ್ರಯಾಣ ಮಾಡಿದ ದೀರ್ಘಕಾಲದ ಅನುಭವ ಜಗತ್ತಿಗಿರುವುದು ಇದೊಂದರಿಂದಲೇ. ಮಾತು ಕೇಳಿಸುತ್ತಿತ್ತು. ಆದರೆ ಕೋಣೆ ನಿಶ್ಶಬ್ದವಾಗಿರಲಿಲ್ಲ. ಮುಂಭಾಗದಲ್ಲಿ ಸದ್ದು ಕಡಿಮೆ, ಹಿಂದಕ್ಕೆ ಹೋದಷ್ಟೂ ಹೆಚ್ಚು.

ಎಂಜಿನ್ನಿನ ಸದ್ದು ಹೊರಗಿನ ಗಾಳಿಯ ದಾರಿಯಿಂದ ಮುಂದಕ್ಕೆ ಬರಲಾರದೆಂಬುದು ನಿಜ. ಕಾಂಕಾರ್ಡಿನ ನಾಲ್ಕು ಎಂಜಿನ್ನುಗಳು ಎರಡೆರಡಾಗಿ ರೆಕ್ಕೆಗಳ ಕೆಳಗೆ, ಬಹುಮಟ್ಟಿಗೆ ಹಿಂಭಾಗದಲ್ಲಿದ್ದವು. ಅವುಗಳಿಂದ ಹೊರನುಗ್ಗುವ ಅನಿಲಧಾರೆಯ ಗರ್ಜನೆಯು ವಿಮಾನವನ್ನು ಹಿಂಬಾಲಿಸಬಹುದಿತ್ತೇ ಹೊರತು ಹಿಡಿಯುವಂತಿರಲಿಲ್ಲ. ಮೊದಲು ಹೇಳಿದ ಜನಪ್ರಿಯ ನಂಬಿಕೆಯಲ್ಲಿ ಸತ್ಯಾಂಶವಿರುವುದು ಇಷ್ಟೇ. ಅದು ಮರೆಯುವುದು ಲೋಹದ ದಾರಿಯನ್ನು. ಎಂಜಿನ್ನನ್ನು ರೆಕ್ಕೆಗೆ ಬಿಗಿಯಲಾಗಿದೆ, ರೆಕ್ಕೆಯನ್ನು ಒಡಲಿಗೆ. ಎಂಜಿನ್ನಿನ ಕಂಪನವು ಈ ಅಲ್ಯೂಮಿನಿಯಂ ಮಿಶ್ರಲೋಹದ ಚೌಕಟ್ಟಿನಲ್ಲಿ ಹರಿದು, ಒಳಗೋಡೆಯನ್ನು ನಡುಗಿಸಿ, ಕೋಣೆಯ ಗಾಳಿಯನ್ನು ತಟ್ಟುತ್ತದೆ. ಅಲ್ಯೂಮಿನಿಯಂನಲ್ಲಿ ಶಬ್ದವು ಸೆಕೆಂಡಿಗೆ 5,000 ಮೀಟರಿಗೂ ಹೆಚ್ಚು ವೇಗದಲ್ಲಿ ಸಾಗುವುದರಿಂದ ವಿಮಾನವನ್ನು ಸುಲಭವಾಗಿ ಮೀರಿಸುತ್ತದೆಂದು ಕೆಲವರು ವಿವರಿಸುವುದುಂಟು. ಆ ಅಂಕಿ ಸರಿಯಾದರೂ ಇಲ್ಲಿ ಅದರ ಅಗತ್ಯವೇ ಇಲ್ಲ. ಲೋಹವೂ ವಿಮಾನದೊಡನೆ ಸಾಗುತ್ತಿದೆ. ರೈಲುಡಬ್ಬಿಯ ಗಾಳಿಯಂತೆ ಅದೂ ಜೊತೆಗಿರುವ ಮಾಧ್ಯಮ. ಅದರಲ್ಲಿ ಶಬ್ದವು ಎಷ್ಟು ನಿಧಾನವಾಗಿ ಸಾಗಿದ್ದರೂ ಮುಂದಿನ ಆಸನವನ್ನು ತಲುಪಿಯೇ ತಲುಪುತ್ತಿತ್ತು.

ಎರಡನೆಯ ದಾರಿ ಇದಕ್ಕಿಂತ ಮುಖ್ಯವಾದುದು. ವಿಮಾನದ ಹೊರಚರ್ಮಕ್ಕೆ ತಾಗಿದ ಗಾಳಿಯು ಅದಕ್ಕೆ ಅಂಟಿಕೊಂಡಂತೆ ಜೊತೆಯಲ್ಲಿ ಎಳೆಯಲ್ಪಡುತ್ತದೆ; ಸ್ವಲ್ಪ ದೂರದಲ್ಲಿರುವ ಗಾಳಿ ಪೂರ್ಣ ವೇಗದಲ್ಲಿ ಹಿಂದಕ್ಕೆ ಹರಿಯುತ್ತದೆ. ಇವೆರಡರ ನಡುವಣ ತೆಳುವಾದ ಪದರಕ್ಕೆ ಸೀಮಾಸ್ತರವೆಂದು ಹೆಸರು. ಇಲ್ಲಿ ಗಾಳಿಯು ಸುಳಿಸುಳಿಯಾಗಿ ಕದಡಿ, ಹೊರಚರ್ಮದ ಮೇಲೆ ಲೆಕ್ಕವಿಲ್ಲದಷ್ಟು ಸಣ್ಣ ಪೆಟ್ಟುಗಳನ್ನು ಸುರಿಸುತ್ತಿರುತ್ತದೆ. ತಗಡಿನ ಮಾಡಿನ ಮೇಲೆ ಮಲೆನಾಡಿನ ಮಳೆ ಬೀಳುವಾಗ ಒಳಗೆ ಕೇಳುವ ಏಕನಾದ ಹೇಗಿರುತ್ತದೆಯೋ ಹಾಗೆ, ಒಂದೊಂದು ಪೆಟ್ಟೂ ಬೇರೆಯಾಗಿ ತಿಳಿಯದೆ ಎಲ್ಲ ಸೇರಿ ಭೋರೆಂಬ ಸದ್ದಾಗುತ್ತದೆ. ಮೂತಿಯಿಂದ ಬಾಲದ ಕಡೆಗೆ ಹೋದಂತೆ ಈ ಪದರ ದಪ್ಪವಾಗುತ್ತದೆ. ಈ ಸದ್ದು ಹುಟ್ಟುವುದೇ ಪ್ರಯಾಣಿಕನ ಪಕ್ಕದ ಗೋಡೆಯ ಮೇಲಾದ್ದರಿಂದ ಅದನ್ನು ಹಿಂದೆ ಬಿಟ್ಟುಹೋಗುವ ಪ್ರಶ್ನೆಯೇ ಇಲ್ಲ. ಎಂಜಿನ್ನನ್ನು ಎಷ್ಟು ದೂರಕ್ಕೆ ಸರಿಸಿದರೂ ಇದು ತಪ್ಪುವುದಿಲ್ಲ.

ಹಾಗಾದರೆ ವೇಗ ಇಮ್ಮಡಿಯಾದಾಗ ಈ ಸದ್ದು ಅಸಹನೀಯವಾಗಬೇಕಲ್ಲವೆ? ಅಲ್ಲಿಯೇ ಎತ್ತರವು ನೆರವಿಗೆ ಬರುತ್ತದೆ. ಕಾಂಕಾರ್ಡ್ ಹಾರುತ್ತಿದ್ದುದು 60,000 ಅಡಿಯವರೆಗಿನ ಎತ್ತರದಲ್ಲಿ, ಎಂದರೆ ಸುಮಾರು 18 ಕಿಲೋಮೀಟರಿನಲ್ಲಿ. ಅಲ್ಲಿನ ಗಾಳಿಯ ಸಾಂದ್ರತೆ ನೆಲಮಟ್ಟದ ಹತ್ತನೆಯ ಒಂದು ಭಾಗ ಮಾತ್ರ. ಗಾಳಿಯ ಬಡಿತದ ಬಲವು ವೇಗದ ವರ್ಗಕ್ಕೂ ಸಾಂದ್ರತೆಗೂ ಅನುಗುಣವಾಗಿರುವುದರಿಂದ, ಹನ್ನೊಂದು ಕಿಲೋಮೀಟರಿನಲ್ಲಿ ಮ್ಯಾಕ್ 0.8ರಲ್ಲಿ ಹಾರುವ ಸಾಮಾನ್ಯ ಜೆಟ್ ವಿಮಾನದೊಡನೆ ಹೋಲಿಸಿದರೆ ಕಾಂಕಾರ್ಡಿನ ಮೇಲಿನ ಬಡಿತ ಸುಮಾರು ಎರಡರಷ್ಟಾಗುತ್ತದೆ. ವೇಗವೊಂದನ್ನೇ ನೋಡಿದರೆ ಆರರಷ್ಟಾಗಬೇಕಿತ್ತು.

ಮೂರನೆಯದು ಒಳಗಿನದೇ ಸದ್ದು. ಹೊರಗೆ ಗಾಳಿ ಹೆಪ್ಪುಗಟ್ಟಿಸುವಷ್ಟು ತಣ್ಣಗಿದ್ದರೂ, ಅದೇ ಗಾಳಿ ಮ್ಯಾಕ್ 2ರಲ್ಲಿ ಒತ್ತಲ್ಪಟ್ಟಾಗ ಕಾಂಕಾರ್ಡಿನ ಮೂತಿಯನ್ನು 127 ಡಿಗ್ರಿ ಸೆಲ್ಸಿಯಸ್‌ವರೆಗೆ ಕಾಯಿಸುತ್ತಿತ್ತು. ಹಾರಾಟದ ನಡುವೆ ವಿಮಾನದ ಒಡಲು ಕಾವಿನಿಂದ ಒಂದು ಗೇಣಿನಷ್ಟು ಉದ್ದವಾಗುತ್ತಿತ್ತು. ಕಿಟಕಿಯ ಗಾಜು ಮುಟ್ಟಿದರೆ ಬೆಚ್ಚಗಿರುತ್ತಿತ್ತು. ಒಳಗಿನವರನ್ನು ತಂಪಾಗಿಡಲು ಬಹಳ ಗಾಳಿಯನ್ನು ಕೊಳವೆಗಳ ಮೂಲಕ ಹಾಯಿಸಬೇಕಾಗಿತ್ತು. ಕೊಳವೆಯಲ್ಲಿ ಹರಿಯುವ ಗಾಳಿಗೂ ದನಿಯಿದೆ. ಕಾವನ್ನು ತಡೆಯಲು ಹೊರಚರ್ಮಕ್ಕೂ ಒಳಗೋಡೆಗೂ ನಡುವೆ ಇಟ್ಟ ನಿರೋಧಕ ಪದರವು ಸದ್ದನ್ನೂ ಕೊಂಚ ನುಂಗುತ್ತಿತ್ತು. ಅದನ್ನು ಇನ್ನಷ್ಟು ದಪ್ಪಗೊಳಿಸಲು ಸ್ಥಳವಿರಲಿಲ್ಲ. ಕೋಣೆಯ ಅಗಲ ಸುಮಾರು 2.6 ಮೀಟರ್, ಸಾಲಿಗೆ ನಾಲ್ಕೇ ಆಸನ, ಒಟ್ಟು ನೂರು ಜನ. ಹೆಚ್ಚಿನ ಹೊದಿಕೆಯೆಂದರೆ ಹೆಚ್ಚಿನ ತೂಕ, ಹೆಚ್ಚಿನ ಇಂಧನ, ಕಡಿಮೆ ಪ್ರಯಾಣಿಕರು. ಶಬ್ದಾತೀತ ವಿಮಾನದಲ್ಲಿ ಪ್ರಯಾಣಿಕನ ಕಿವಿಗೆ ದೊರೆಯುವ ನೆಮ್ಮದಿಯನ್ನು ಕಿಲೋಗ್ರಾಂಗಳಲ್ಲಿ ತೂಗಿ ಕೊಡಲಾಗುತ್ತದೆ.

ವೇಗದ ಅರಿವಾಗುತ್ತಿದ್ದುದು ಬೇರೆ ಬಗೆಯಲ್ಲಿ. ಮ್ಯಾಕ್ 0.95ರಿಂದ 1.7ರವರೆಗೆ ಏರಲು ಎಂಜಿನ್ನುಗಳ ಹಿಂಭಾಗದಲ್ಲಿ ಹೆಚ್ಚುವರಿ ಇಂಧನ ಉರಿಸುತ್ತಿದ್ದರು. ಎರಡೆರಡು ಎಂಜಿನ್ನುಗಳಲ್ಲಿ ಇದು ಹೊತ್ತಿಕೊಂಡಾಗ ಬೆನ್ನಿಗೆ ಮೆಲ್ಲನೆ ಎರಡು ಸಲ ತಳ್ಳಿದಂತಾಗುತ್ತಿತ್ತು. ಮುಂದೆ ಗೋಡೆಯ ಮೇಲಿನ ಫಲಕದಲ್ಲಿ ಮ್ಯಾಕ್ ಸಂಖ್ಯೆ 1ನ್ನು ದಾಟುತ್ತಿತ್ತು. ಆ ಫಲಕವಿಲ್ಲದಿದ್ದರೆ ಪ್ರಯಾಣಿಕರಿಗೆ ತಿಳಿಯುತ್ತಲೇ ಇರಲಿಲ್ಲ.

ಚೀಟಿ ಬರೆದು ಮಾತನಾಡಿದವರು

ಸೋವಿಯೆತ್ ಒಕ್ಕೂಟದ ಟಿಯು-144 ವಿಮಾನವು ಕಾಂಕಾರ್ಡಿಗಿಂತ ಎರಡು ತಿಂಗಳು ಮುಂಚೆ, 1968ರ ಡಿಸೆಂಬರ್ 31ರಂದು ಮೊದಲು ಹಾರಿತು. 1977ರ ನವೆಂಬರ್ 1ರಿಂದ ಅದು ಮಾಸ್ಕೋ ಮತ್ತು ಅಲ್ಮಾ-ಅತಾ ನಡುವೆ ಪ್ರಯಾಣಿಕರನ್ನು ಒಯ್ಯತೊಡಗಿತು. ಕಾಂಕಾರ್ಡಿನ ಎಂಜಿನ್ನುಗಳು ಒಮ್ಮೆ ಮ್ಯಾಕ್ 1.7 ದಾಟಿದ ಮೇಲೆ ಹೆಚ್ಚುವರಿ ಉರಿಯಿಲ್ಲದೆ ವೇಗವನ್ನು ಉಳಿಸಿಕೊಳ್ಳುತ್ತಿದ್ದವು. ಈ ಮಾರ್ಗದಲ್ಲಿ ಹಾರಿದ ಟಿಯು-144ರ ಎಂಜಿನ್ನುಗಳಿಗೆ ಆ ಸಾಮರ್ಥ್ಯವಿರಲಿಲ್ಲ; ಶಬ್ದಾತೀತವಾಗಿರುವಷ್ಟು ಹೊತ್ತೂ ಅವು ಉರಿಯುತ್ತಲೇ ಇರಬೇಕಿತ್ತು. ಅದರ ಜೊತೆಗೆ ಕೋಣೆಯನ್ನು ತಂಪುಗೊಳಿಸುವ ವ್ಯವಸ್ಥೆಯ ಅಬ್ಬರ. ಪಕ್ಕದ ಆಸನದವರೊಡನೆ ಮಾತನಾಡುವುದು ಕಷ್ಟ, ಎರಡು ಆಸನ ಆಚೆಗಿದ್ದವರಿಗೆ ಕೂಗಿದರೂ ಕೇಳದು, ಕೊನೆಗೆ ಚೀಟಿ ಬರೆದು ಕೊಡಬೇಕಾಗುತ್ತಿತ್ತು ಎಂದು ಪ್ರಯಾಣ ಮಾಡಿದವರು ವರ್ಣಿಸಿದ್ದಾರೆ. ಹಿಂಭಾಗದಲ್ಲಂತೂ ಕುಳಿತಿರುವುದೇ ದುಸ್ತರವಾಗಿತ್ತಂತೆ. ಮಾತು ಮುಂದಿನ ಆಸನವನ್ನು ತಲುಪದಿದ್ದುದು ಶಬ್ದಾತೀತ ವೇಗದಿಂದಲ್ಲ. ಅದು ತಲುಪಿಯೂ ಸದ್ದಿನಲ್ಲಿ ಮುಳುಗಿಹೋಗುತ್ತಿತ್ತು.

ಅಲ್ಲಿನ ಸದ್ದು 90 ಡೆಸಿಬೆಲ್ಲಿಗೂ ಮಿಗಿಲಾಗಿತ್ತೆಂದು ವರದಿಗಳಿವೆ. ಸಾಮಾನ್ಯ ಮಾತುಕತೆ 60 ಡೆಸಿಬೆಲ್. ಈ ಅಳತೆಯಲ್ಲಿ ಹತ್ತು ಹೆಚ್ಚಿದರೆ ಶಬ್ದದ ಶಕ್ತಿ ಹತ್ತು ಪಟ್ಟಾಗುತ್ತದೆ. ಎಂದರೆ 60ಕ್ಕೂ 90ಕ್ಕೂ ಇರುವುದು ಒಂದೂವರೆ ಪಟ್ಟಿನ ಅಂತರವಲ್ಲ, ಸಾವಿರ ಪಟ್ಟಿನದು. ನಮ್ಮ ದೇಶದ ಕಾರ್ಖಾನೆಗಳ ಮಾದರಿ ನಿಯಮಗಳಲ್ಲಿ ಕಾರ್ಮಿಕನು ದಿನಕ್ಕೆ 8 ಗಂಟೆ ಸಹಿಸಬಹುದಾದ ಮಿತಿಯೆಂದು ಇಟ್ಟಿರುವುದು 90 ಡೆಸಿಬೆಲ್ಲನ್ನೇ. ಎರಡು ಗಂಟೆಗಳ ಪ್ರಯಾಣದಿಂದ ಪ್ರಯಾಣಿಕನ ಕಿವಿಗೆ ಶಾಶ್ವತ ಹಾನಿಯಾಗದಿರಬಹುದು. ದಿನವೂ ಅದರಲ್ಲೇ ಕೆಲಸ ಮಾಡಬೇಕಾದ ಪರಿಚಾರಕರ ಮಾತು ಬೇರೆ. ಒಟ್ಟು 55 ಪ್ರಯಾಣಿಕ ಹಾರಾಟಗಳ ನಂತರ 1978ರ ಜೂನ್ 1ರಂದು ಈ ಸೇವೆ ಕೊನೆಗೊಂಡಿತು. ಅದಕ್ಕೆ ಸದ್ದೊಂದೇ ಕಾರಣವಲ್ಲ. ಹಿಂದಿನ ತಿಂಗಳಷ್ಟೇ ಇದೇ ಮಾದರಿಯ ಸುಧಾರಿತ ವಿಮಾನವೊಂದು ಪರೀಕ್ಷಾ ಹಾರಾಟದಲ್ಲಿ ಅಪಘಾತಕ್ಕೀಡಾಗಿತ್ತು.

ಅಷ್ಟು ದೂರು ಹೊತ್ತ ಅದೇ ವಿಮಾನ ಮುಂದೆ ಶಬ್ದದ ಅಧ್ಯಯನಕ್ಕೇ ಒದಗಿತೆಂಬುದು ಸ್ವಾರಸ್ಯದ ಸಂಗತಿ. 1996ರಿಂದ 1999ರವರೆಗೆ ಅಮೆರಿಕದ ನಾಸಾ ಸಂಸ್ಥೆ ಮತ್ತು ರಷ್ಯದ ತಜ್ಞರು ಹೊಸ ಎಂಜಿನ್ನುಗಳನ್ನು ಅಳವಡಿಸಿದ ಟಿಯು-144ನ್ನು ಹಾರುವ ಪ್ರಯೋಗಶಾಲೆಯನ್ನಾಗಿ ಬಳಸಿದರು. ಸೀಮಾಸ್ತರದ ಬಡಿತ ಒಡಲಿನ ಮೇಲೆ ಎಷ್ಟು, ಅದರಲ್ಲಿ ಕೋಣೆಯೊಳಗೆ ಇಳಿಯುವುದೆಷ್ಟು ಎಂಬುದು ಅವರು ಅಳೆದ ವಿಷಯಗಳಲ್ಲಿ ಒಂದಾಗಿತ್ತು.

ಯುದ್ಧವಿಮಾನದ ಚಾಲಕ

ಯುದ್ಧವಿಮಾನದಲ್ಲಿ ಒಳಗೋಡೆಯ ಹೊದಿಕೆಗೆ ಎಡೆಯೇ ಇಲ್ಲ. ಬೆಂಗಳೂರಿನಲ್ಲಿ ರೂಪುಗೊಂಡು 2001ರ ಜನವರಿ 4ರಂದು ಅಲ್ಲಿಂದಲೇ ಮೊದಲ ಹಾರಾಟ ನಡೆಸಿದ ತೇಜಸ್ ವಿಮಾನವು 2003ರ ಆಗಸ್ಟ್‌ನಲ್ಲಿ ಮ್ಯಾಕ್ 1ನ್ನು ದಾಟಿತು. ಇಂತಹ ವಿಮಾನದಲ್ಲಿ ಚಾಲಕನ ತಲೆಗೂ ಹೊರಗಿನ ಗಾಳಿಗೂ ನಡುವೆ ಇರುವುದು ಪಾರದರ್ಶಕ ಮುಚ್ಚಳವೊಂದೇ. ಆ ಮುಚ್ಚಳದ ಮೇಲಿನ ಗಾಳಿಯ ಬಡಿತ, ಪಾದದ ಬಳಿಯಿಂದ ಬರುವ ತಂಪು ಗಾಳಿಯ ಸುಯ್ಯೆಂಬ ಸದ್ದು, ಮುಖವಾಡದೊಳಗೆ ತನ್ನದೇ ಉಸಿರಾಟ, ಇವೆಲ್ಲದರ ನಡುವೆ ಅವನು ರೇಡಿಯೋದ ಮಾತನ್ನು ತಪ್ಪಿಲ್ಲದೆ ಗ್ರಹಿಸಬೇಕು. ಒಂದು ಅಂಕಿ ತಪ್ಪಾಗಿ ಕೇಳಿಸಿದರೆ ಪ್ರಾಣಕ್ಕೇ ಅಪಾಯ. ಗಾಳಿ ದಟ್ಟವಾಗಿರುವ ಕೆಳಮಟ್ಟದಲ್ಲಿ ವೇಗವಾಗಿ ಹಾರುವಾಗ ಈ ಬಡಿತ ಅತ್ಯಧಿಕ. ಮೊದಲು ಕಂಡಂತೆ ಎತ್ತರದಲ್ಲಿ ಕಡಿಮೆ. ಆದುದರಿಂದ ಚಾಲಕನ ಶಿರಸ್ತ್ರಾಣವು ಪೆಟ್ಟಿನಿಂದ ತಲೆಯನ್ನು ಕಾಯುವುದರ ಜೊತೆಗೆ ಸದ್ದಿನಿಂದ ಕಿವಿಯನ್ನೂ ಕಾಯಬೇಕು. ವಿಮಾನಚಾಲಕರ ವೈದ್ಯಕೀಯ ಪರೀಕ್ಷೆಗಳಲ್ಲಿ ಶ್ರವಣಶಕ್ತಿಯ ಪರೀಕ್ಷೆಗೆ ಮಹತ್ವವಿರುವುದೂ ಇದರಿಂದಲೇ.

ಮುಂದಿನ ವಿಮಾನಗಳು

ಕಾಂಕಾರ್ಡ್ ಹೆಚ್ಚಾಗಿ ಸಾಗರದ ಮೇಲೆ ಮಾತ್ರ ಶಬ್ದಾತೀತವಾಗಿ ಹಾರಿದುದಕ್ಕೆ ಕಾರಣ ಹೊರಗಿನ ಶಬ್ದ. ನೆಲದ ಮೇಲೆ ನಾಗರಿಕ ವಿಮಾನಗಳ ಶಬ್ದಾತೀತ ಹಾರಾಟವನ್ನು ಅಮೆರಿಕವು 1973ರಲ್ಲಿ ನಿಷೇಧಿಸಿತ್ತು. ಆ ನಿಷೇಧವನ್ನು ತೆಗೆಯುವಂತೆ 2025ರ ಜೂನ್ 6ರಂದು ಅಲ್ಲಿನ ಅಧ್ಯಕ್ಷರ ಆದೇಶ ಹೊರಟಿತು. ಅದೇ ವರ್ಷ ಜನವರಿ 28ರಂದು ಬೂಮ್ ಸಂಸ್ಥೆಯ ಎಕ್ಸ್‌ಬಿ-1 ಎಂಬ ಖಾಸಗಿ ವಿಮಾನ ಮ್ಯಾಕ್ 1ನ್ನು ದಾಟಿತು. ಅಕ್ಟೋಬರ್ 28ರಂದು ನಾಸಾದ ಎಕ್ಸ್-59 ಮೊದಲ ಬಾರಿಗೆ, ಶಬ್ದಕ್ಕಿಂತ ಕಡಿಮೆ ವೇಗದಲ್ಲಿ, ಹಾರಿತು. ಆಘಾತ ತರಂಗಗಳು ಒಂದರ ಮೇಲೊಂದು ಪೇರದಂತೆ ಅದರ ಮೂತಿಯನ್ನು ಬಹು ಉದ್ದಕ್ಕೆ ಚಾಚಲಾಗಿದೆ. ಎಂಜಿನ್ನನ್ನು ಒಡಲಿನ ಮೇಲ್ಭಾಗದಲ್ಲಿಡಲಾಗಿದೆ. ಆಸ್ಫೋಟವು ನೆಲದ ಮೇಲಿನವರಿಗೆ ಕಾರಿನ ಬಾಗಿಲು ಮುಚ್ಚಿದಷ್ಟು ಮೆಲುವಾಗಿ ಕೇಳಿಸಬೇಕೆಂಬುದು ಉದ್ದೇಶ. ಉದ್ದ ಮೂತಿಯ ಕಾರಣ ಚಾಲಕನಿಗೆ ಮುಂದಿನ ಕಿಟಕಿಯೇ ಇಲ್ಲ. ಅವನು ಕ್ಯಾಮೆರಾ ತೋರಿಸುವ ಪರದೆಯನ್ನು ನೋಡಿ ಹಾರಿಸಬೇಕು.

ಈ ವಿಮಾನವನ್ನು ಊರುಗಳ ಮೇಲೆ ಹಾರಿಸಿ, ಕೆಳಗಿನ ನಿವಾಸಿಗಳಿಗೆ ಸದ್ದು ಎಷ್ಟು ಕೇಳಿಸಿತೆಂದು ವಿಚಾರಿಸುವುದು ನಾಸಾದ ಯೋಜನೆ. ಒಳಗಿರುವ ಚಾಲಕನನ್ನು ಆ ಪ್ರಶ್ನೆ ಕೇಳಿ ಪ್ರಯೋಜನವಿಲ್ಲ. ಅವನ ಶಿರಸ್ತ್ರಾಣದ ಹೊರಗೆ ಗಾಳಿಯ ಅದೇ ಏಕನಾದ ಮೊದಲಿನಂತೆಯೇ ಇರುತ್ತದೆ.